ತೊಳೆದು ಕಳಿಸಿದ ಹತ್ತಿಕಟ್ಟಿಗೆ

ನನಗೆ ಬೆಂಕಿಯ ಹುಚ್ಚು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಡುನೀಲಿ ಗಾಜನ್ನು ಕಣ್ಣಿಗೆ ಹಿಡಿದು ಕಿಲ್ನಿನ ಕಿಂಡಿಯೊಳಗೆ ಇಣುಕಿದವಳು, ಹಿಂದೆ ನಿಂತವರು ಎಷ್ಟು ಕರೆದರೂ ಕದಲಿರಲಿಲ್ಲ. ಕಿಲ್ನ್ ಅಂದರೆ ಮಲಗಿಸಿಟ್ಟ ಭಾರಿ ಉಕ್ಕಿನ ಕೊಳವೆ. ನಮ್ಮ ಮಸ್ಕಿಯ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನೆಲ್ಲ ಒಂದರ ಹಿಂದೆ ಒಂದು ಅದರೊಳಗೆ ಓಡಿಸಬಹುದು, ಅಷ್ಟು ಉದ್ದ, ಅಷ್ಟು ಅಗಲ. ಹಗಲೂ ರಾತ್ರಿ ಮೆಲ್ಲಗೆ ತಿರುಗುತ್ತಲೇ ಇರುತ್ತದೆ. ಒಂದು ತುದಿಯಿಂದ ಸುಣ್ಣದ ಕಲ್ಲಿನ ಪುಡಿ ಇಳಿದು ಬರುತ್ತದೆ, ಎದುರಿನ ತುದಿಯಿಂದ ಬೆಂಕಿ ನುಗ್ಗುತ್ತದೆ. ಬೆಂದು ಕೆಂಪಾಗಿ ಹೊರಬೀಳುವ ಗಟ್ಟಿ ಉಂಡೆಗಳನ್ನು ಅರೆದರೆ ಸಿಮೆಂಟ್. ದುರಸ್ತಿಗೆಂದು ನಿಲ್ಲಿಸಿದ ಕಿಲ್ನನ್ನು ಮತ್ತೆ ಹೊತ್ತಿಸುವಾಗ ಅಲ್ಲಿ ತೆಂಗಿನಕಾಯಿ ಒಡೆಯುತ್ತಾರೆ. ನಾನು ಬೌದ್ಧರ ಮನೆಯವಳು, ಪೂಜೆಗೆ ನಿಲ್ಲುವುದಿಲ್ಲ. ಆದರೆ ಆ ಮೊದಲ ಉರಿಯನ್ನು ನೋಡಲು ಎಲ್ಲರಿಗಿಂತ ಮುಂದೆ ನಿಂತಿರುತ್ತೇನೆ.

ಕಾರ್ಖಾನೆ ಇರುವುದು ನಮ್ಮ ಜಿಲ್ಲೆಯ ಆಚೆ, ಸುಣ್ಣದ ಕಲ್ಲಿನ ಸೀಮೆಯಲ್ಲಿ. ನಾನು ಇಂಧನ ವಿಭಾಗದಲ್ಲಿದ್ದೇನೆ. ಯಾವ ಕಲ್ಲಿದ್ದಲಿನಲ್ಲಿ ಎಷ್ಟು ಕಾವಿದೆ, ಎಷ್ಟು ಬೂದಿ ಉಳಿಯುತ್ತದೆ, ಒಂದು ಟನ್ ಉಂಡೆ ಬೇಯಿಸಲು ಎಷ್ಟು ಕಲ್ಲಿದ್ದಲು ಹೋಯಿತು, ಎಷ್ಟು ಕರೆಂಟು ಹೋಯಿತು, ಇವನ್ನೆಲ್ಲ ನೋಡುವುದು ನನ್ನ ಪಾಲಿನ ಕೆಲಸ. ಬೆಂಕಿಯ ಮೇಲೆ ಎಷ್ಟು ಪ್ರೀತಿಯೋ, ಆ ಕಲ್ಲಿದ್ದಲಿನ ಮೇಲೆ ನನಗೆ ಅಷ್ಟೇ ಸಿಟ್ಟು. ಎಲ್ಲೋ ನೆಲದಾಳದಲ್ಲಿ ಯುಗಗಟ್ಟಲೆ ಸುಮ್ಮನೆ ಮಲಗಿದ್ದನ್ನು ಅಗೆದು, ರೈಲಿನಲ್ಲಿ ತಂದು, ಹಿಟ್ಟಿನ ಹಾಗೆ ಅರೆದು, ಊದಿ ಸುಟ್ಟು ಗಾಳಿಗೆ ಬಿಡುತ್ತೇವೆ. ಅರೆಯುವುದಕ್ಕೂ ಮತ್ತೆ ಕರೆಂಟು ಬೇಕು. ಊಟದ ಹೊತ್ತಿನಲ್ಲಿ ಈ ಮಾತು ತೆಗೆದರೆ ಜೊತೆಯವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ನಾನು ಅವರ ಹಿಂದೆಯೇ ಹೋಗಿ ಅಲ್ಲಿ ಮುಂದುವರಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಹತ್ತಿ ಬಿಡಿಸುವುದು ಮುಗಿದ ದಿನಗಳಲ್ಲಿ, ರಜೆ ಹಾಕಿ ಊರಿಗೆ ಹೊರಟಿದ್ದೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮಸ್ಕಿಯ ಕಡೆ ಬರುವಾಗ ರಸ್ತೆಯ ಎರಡೂ ಬದಿಗೆ ಹೊಲಗಳಲ್ಲಿ ಹೊಗೆ ಏಳುತ್ತಿತ್ತು. ಕಿತ್ತ ಹತ್ತಿಕಟ್ಟಿಗೆಯನ್ನು ಒಟ್ಟಿ ರೈತರು ಬೆಂಕಿ ಇಟ್ಟಿದ್ದರು. ಹುಟ್ಟಿದಾಗಿನಿಂದ ನೋಡಿದ ನೋಟವೇ. ಅವತ್ತು ಮಾತ್ರ ತಲೆಗೆ ಹೊಡೆದ ಹಾಗಾಯಿತು. ನಾವು ಅಲ್ಲಿ ದೂರದ ಗಣಿಯ ದಾರಿ ಕಾಯುತ್ತಿದ್ದೇವೆ, ಇಲ್ಲಿ ಇಷ್ಟೊಂದು ಕಾವು ಯಾರಿಗೂ ಬೇಡವಾಗಿ ಆಕಾಶಕ್ಕೆ ಹೋಗುತ್ತಿದೆ. ಓಡುವ ಬಸ್ಸಿನಲ್ಲಿ ನಾನು ಎದ್ದು ನಿಂತುಬಿಟ್ಟಿದ್ದೆ. ಇಲ್ಲಿ ಸ್ಟಾಪ್ ಇಲ್ಲ, ಕುಳಿತುಕೊಳ್ಳಿ ಎಂದು ಕಂಡಕ್ಟರ್ ಗದರಿಸಿದ.

ರಜೆ ಮುಗಿಯುವ ಮೊದಲೇ ವಾಪಸು ಹೋಗಿ ಕಿಲ್ನ್ ಸಾಹೇಬರ ಮುಂದೆ ನಿಂತೆ. ಕಿಲ್ನಿನ ಪೂರ್ತಿ ಜವಾಬ್ದಾರಿ ಅವರದು. ತೆಲುಗು ಸೀಮೆಯಿಂದ ಬಂದು ನಮ್ಮ ಕಡೆಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾನು ಉಸಿರು ಬಿಡದೆ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡರು.

“ಕಿಲ್ನ್ ಅಂದ್ರೆ ಹಾಲು ಕೊಡೋ ಎಮ್ಮೆ ಅಮ್ಮಾ. ಮೇವು ಬದಲಿಸಿದ್ರೆ ಒದೀತದೆ.”

ಅವರು ಕೆಟ್ಟವರಲ್ಲ, ಹೆದರಿದವರು. ಕಟ್ಟಿಗೆಯ ಜೊತೆ ಮಣ್ಣು ಬಂದರೆ ಕತ್ತರಿಸುವ ಯಂತ್ರದ ಅಲಗು ಹೋಗುತ್ತದೆ, ಹಸಿ ಇದ್ದರೆ ಕಾವು ಬೀಳುತ್ತದೆ, ಕಾವು ಬಿದ್ದರೆ ಸಿಮೆಂಟ್ ಕೆಡುತ್ತದೆ. ಒಂದೊಂದೂ ಸರಿಯಾದ ಮಾತೇ. ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ಶಿಫ್ಟ್ ಕೊಟ್ಟರು. ಎರಡು ಲಾರಿ ಕಟ್ಟಿಗೆ ತರಿಸು. ಅಷ್ಟು ಹೊತ್ತು ಕಲ್ಲಿದ್ದಲು ಒಂದಿಷ್ಟು ಇಳಿಸಿ ಅದನ್ನು ಉರಿಸೋಣ. ಕಾವು ಬೀಳದೆ ನಿಂತರೆ ನಿಮ್ಮ ಮಸ್ಕಿಯಲ್ಲೇ ಕಟ್ಟಿಗೆ ಕೊಳ್ಳುವ ಕೇಂದ್ರ ತೆರೆಯಲು ನಾನೇ ಬರೆಯುತ್ತೇನೆ. ಬಿದ್ದರೆ ಈ ಮಾತನ್ನು ಮತ್ತೆ ನನ್ನ ಮುಂದೆ ಎತ್ತಬಾರದು. ಇದು ಕರಾರು. ನಾನು ಮೆಟ್ಟಿಲು ಇಳಿಯಲಿಲ್ಲ, ಹಾರಿದೆ.

ಮೊದಲು ಸುಲಭದ ದಾರಿ ಹಿಡಿದೆ. ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಬೆಟ್ಟದಂತೆ ಬಿದ್ದಿರುತ್ತದೆ, ಅದನ್ನೇ ಒಯ್ದರೆ ಕತ್ತರಿಸುವ ಕಷ್ಟವೂ ಇಲ್ಲ ಎಂದು ಸಾಲಗುಂದದ ರಸ್ತೆಯವರೆಗೂ ಒಂದೊಂದೇ ಗಿರಣಿ ಸುತ್ತಿದೆ. ಎಲ್ಲರೂ ಚಹಾ ಕುಡಿಸಿದರು, ಯಾರೂ ಹೊಟ್ಟು ಕೊಡಲಿಲ್ಲ. ಅದು ಅವರವರ ಬಾಯ್ಲರಿಗೇ ಬೇಕು, ಉಳಿದರೆ ಇಟ್ಟಿಗೆ ಭಟ್ಟಿಯವರು ಬಾಗಿಲಲ್ಲೇ ನಿಂತಿರುತ್ತಾರೆ. ಒಬ್ಬ ಮಾಲೀಕರಂತೂ, ಸಿಮೆಂಟಿನವರಿಗೂ ಈಗ ನಮ್ಮ ಹೊಟ್ಟಿನ ಮೇಲೆ ಕಣ್ಣು ಬಿತ್ತೇನು ಎಂದು ಕಾಲೆಳೆದರು. ಕಾಲುವೆ ನೀರಿನ ಊರುಗಳಲ್ಲಿ ಯಾವುದೂ ಪುಕ್ಕಟೆ ಬಿದ್ದಿರುವುದಿಲ್ಲ ಎಂದು ಆಗ ಗೊತ್ತಾಯಿತು. ನಾನು ಒಣ ಬೇಸಾಯದ ಕಡೆ ಮುಖ ತಿರುಗಿಸಿದೆ.

ಪಾಮನಕಲ್ಲೂರಿನಲ್ಲಿ ನನ್ನ ಚಿಗವ್ವ ಇದ್ದಾಳೆ, ಅವ್ವನ ತಂಗಿ. ಅಲ್ಲಿಯ ಹೆಣ್ಣುಮಕ್ಕಳ ಸಂಘವನ್ನು ನಡೆಸುವವಳು ಅವಳೇ. ಮಾತು ಕಡಿಮೆ, ಹುಬ್ಬು ಹೆಚ್ಚು; ಹುಬ್ಬು ಎತ್ತಿದಳೆಂದರೆ ಎದುರಿನವರ ಅರ್ಧ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅವಳ ಪಡಸಾಲೆಯಲ್ಲಿ ಹೆಂಗಸರನ್ನೆಲ್ಲ ಕೂಡಿಸಿಕೊಂಡು ನಾನು ಸಿಮೆಂಟಿನ ಕತೆ ಹೇಳಿದೆ. ಕಲ್ಲಿದ್ದಲಿನ ಹೊಗೆ ಹಳೆಯ ಕಾಲದ್ದು, ಮೇಲೆ ಹೋಗಿದ್ದು ಅಲ್ಲೇ ಕೂಡಿಕೊಂಡು ಸೆಕೆ ಹೆಚ್ಚಿಸುತ್ತದೆ. ಹತ್ತಿಗಿಡ ಈ ಮಳೆಗಾಲದಲ್ಲಿ ಗಾಳಿಯಿಂದ ಏನು ತೆಗೆದುಕೊಂಡಿತ್ತೋ ಅದನ್ನೇ ತಿರುಗಿ ಕೊಡುತ್ತದೆ, ಮುಂದಿನ ವರ್ಷದ ಗಿಡ ಮತ್ತೆ ತೆಗೆದುಕೊಳ್ಳುತ್ತದೆ ಎಂದೆ. ಅವರು ತಲೆದೂಗಿದರು. ಆ ಉಮೇದಿನಲ್ಲಿ ಸುಳ್ಳು ಹೇಳಬಾರದೆಂದು ಇನ್ನೊಂದು ಮಾತನ್ನೂ ಸೇರಿಸಿದೆ. ಸಿಮೆಂಟಿನಿಂದ ಗಾಳಿಗೆ ಹೋಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಕಿಯದಲ್ಲ, ಕಲ್ಲಿನದು. ಸುಣ್ಣದ ಕಲ್ಲು ಬೇಯುವಾಗ ತನ್ನೊಳಗಿನ ಅನಿಲವನ್ನು ತಾನೇ ಬಿಡುತ್ತದೆ. ಅದನ್ನು ಯಾವ ಕಟ್ಟಿಗೆಯೂ ತಡೆಯಲಾರದು.

“ಹಂಗಾರ ಪುರಾ ನಿಲ್ಲೂದಿಲ್ಲ ಅನ್ನು,” ಎಂದಳು ಚಿಗವ್ವ.

“ನಿಲ್ಲೂದಿಲ್ಲ ಚಿಗವ್ವ. ಬೆಂಕಿಂದು ಅಷ್ಟ ನಮ್ಮ ಕೈಯಾಗ ಐತಿ.”

“ಆತು. ನಮ್ಮ ಕೈಯಾಗ ಇದ್ದಷ್ಟು ಮಾಡೂಣು.”

ನನಗೆ ಅವಳನ್ನು ಎತ್ತಿ ತಿರುಗಿಸಬೇಕು ಅನ್ನಿಸಿತು. ಕಾರ್ಖಾನೆಯಲ್ಲಿ ಇದೇ ಅರ್ಧದ ಮಾತು ಕೇಳಿದವರೆಲ್ಲ, ಹಾಗಾದರೆ ಯಾಕೆ ಈ ಉಸಾಬರಿ ಎಂದು ಕೈ ಕೊಡವಿದ್ದರು. ಚಿಗವ್ವ ಮರುದಿನವೇ ಮನೆಮನೆಗೆ ಹೋಗಿ ಈ ಸಲ ಹತ್ತಿಕಟ್ಟಿಗೆ ಸುಡಬೇಡಿ ಎಂದು ಹೇಳಿಬಂದಳು. ಊರಲ್ಲಿ ಇದು ಸಣ್ಣ ಮಾತಲ್ಲ. ಸುಟ್ಟರೆ ಹೊಲ ಒಂದು ಮಧ್ಯಾಹ್ನಕ್ಕೆ ಖಾಲಿ, ಸುಡದಿದ್ದರೆ ಹೊರಬೇಕು. ಒಲೆಗೆ ಬೇಕಾದಷ್ಟನ್ನು ಹಿತ್ತಲಿಗೆ ಒಯ್ದು ಮಿಕ್ಕಿದ್ದನ್ನು ಹೆಂಗಸರು ತಲೆಯ ಮೇಲೆ, ಬಂಡಿಯ ಮೇಲೆ ತಂದು ಊರ ಹೊರಗಿನ ಬಯಲಿನಲ್ಲಿ ಒಟ್ಟಿದರು. ಚಹಾದಂಗಡಿಯ ಗಂಡಸರಿಗೆ ನಗಲು ಒಂದು ವಿಷಯ ಸಿಕ್ಕಿತು. ಇವರ ಕಸದಿಂದ ಸಾಹೇಬರು ಸಿಮೆಂಟ್ ಮಾಡುತ್ತಾರಂತೆ ಎಂದು ದಿನಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಈ ಲಾರಿಗಳು ತಿರುಗಿ ಬಂದರೆ ಆ ಅಂಗಡಿಯ ಮುಂದೆ ತಾನು ತಲೆ ಎತ್ತಿ ನಡೆಯುವಂತಿಲ್ಲ, ಸಂಘದ ಹೆಂಗಸರು ಮುಂದೆ ಯಾವುದಕ್ಕೂ ತನ್ನ ಮಾತು ಕೇಳುವುದಿಲ್ಲ ಎಂದು ಚಿಗವ್ವ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದ್ದಳು. ಅವಳ ದನಿ ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನನಗೆ ಒಂದೇ ಚಿಂತೆ, ಮಣ್ಣು. ನಮ್ಮ ಎರೆಭೂಮಿಯಲ್ಲಿ ಹತ್ತಿಗಿಡವನ್ನು ಯಾರೂ ಕೊಯ್ಯುವುದಿಲ್ಲ, ಕೀಳುತ್ತಾರೆ. ಕೊಯ್ದರೆ ನೆಲದಲ್ಲಿ ಮೊನಚಾದ ಕೂಳೆ ಉಳಿದು ಎತ್ತಿನ ಗೊರಸಿಗೆ, ಬರಿಗಾಲಿಗೆ, ಟ್ರ್ಯಾಕ್ಟರಿನ ಗಾಲಿಗೆ ಚುಚ್ಚುತ್ತದೆ. ಆದ್ದರಿಂದ ಇಕ್ಕಳದಂಥ ಕಬ್ಬಿಣದಿಂದ ಹಿಡಿದು ಬೇರು ಸಮೇತ ಎಳೆದು ತೆಗೆಯುವುದು ರೂಢಿ. ಬೇರಿನ ಗಂಟಿನಲ್ಲಿ ಒಂದೊಂದು ಹಿಡಿ ಕರಿಮಣ್ಣು ಕಚ್ಚಿಕೊಂಡಿರುತ್ತದೆ. ಲಾರಿ ಹೊರಡುವ ಹಿಂದಿನ ದಿನ ನಾನು ಫೋನು ಮಾಡಿ, ಚಿಗವ್ವ, ಮಣ್ಣು ಮಾತ್ರ ಇರಬಾರದು, ಮಣ್ಣು ಕಂಡರೆ ಗೇಟಿನಿಂದಲೇ ವಾಪಸು ಕಳಿಸುತ್ತಾರೆ ಎಂದು ಒತ್ತಿ ಒತ್ತಿ ಹೇಳಿದೆ. ಅದರ ಚಿಂತೆ ಬಿಡು ಎಂದಳು. ಬಿಟ್ಟೆ.

ಮರುದಿನ ಮಧ್ಯಾಹ್ನ ಗೇಟಿನಲ್ಲಿ ಕಾಯುತ್ತಿದ್ದೆ. ಎರಡು ಲಾರಿ ಬಂದು ನಿಂತವು. ಮುಂದಿನ ಲಾರಿಯಿಂದ ಚಿಗವ್ವ, ಅವಳ ಹಿಂದೆ ಸಂಘದ ಇನ್ನಿಬ್ಬರು ಹೆಂಗಸರು ಇಳಿದರು. ಬರುತ್ತೇವೆಂದು ಯಾರೂ ಹೇಳಿರಲಿಲ್ಲ. ತಮ್ಮ ಕಟ್ಟಿಗೆ ಯಾವ ಒಲೆಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಲು ಬಂದಿದ್ದರು. ನಾನು ಕುಣಿಯುತ್ತ ಅವರ ಕಡೆ ಓಡಿದೆ. ಆಗ ಕಣ್ಣಿಗೆ ಬಿತ್ತು, ಲಾರಿಯ ಹಿಂದಿನ ಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಚಿಗವ್ವ, ನೀರು ಎಲ್ಲಿಂದು?”

“ಮಣ್ಣು ಇರಬಾರದು ಅಂದಿ. ತೊಳದೀವಿ.”

ಬಲು ಸಮಾಧಾನದಿಂದ ಹೇಳಿದಳು. ಊರಿನ ಬೋರಿನಲ್ಲಿ ನೀರು ಬರುವ ಹೊತ್ತು ಕಾದು, ದನಗಳಿಗೆ ಕುಡಿಸುವ ತೊಟ್ಟಿ ತುಂಬಿಸಿ, ಒಂದೊಂದು ಕಂತೆಯನ್ನೂ ಅದರಲ್ಲಿ ಅದ್ದಿ, ಬೇರಿನ ಸಂದಿಗೆ ಬೆರಳು ಹಾಕಿ ತಿಕ್ಕಿದ್ದರಂತೆ. ನಮ್ಮ ಕಡೆ ಇನ್ನೊಬ್ಬರ ಮನೆಯ ಒಲೆಗೆ ಹೋಗುವ ಯಾವ ವಸ್ತುವನ್ನೂ ಹೊಲದ ಮಣ್ಣಿನ ಜೊತೆ ಕಳಿಸುವುದಿಲ್ಲ. ಕಡಲೆ ಗಿಡ ಕೊಟ್ಟರೂ ಬೇರು ತೊಳೆದೇ ಕೊಡುತ್ತಾರೆ. ಅದೇ ಮರ್ಯಾದೆಯನ್ನು ಇವರು ಸಿಮೆಂಟ್ ಕಾರ್ಖಾನೆಗೂ ತೋರಿಸಿದ್ದರು. ಲಿಂಗಸುಗೂರಿನಲ್ಲಿ ಚಹಾಕ್ಕೆ ನಿಂತಾಗ ಜನ ಇದು ಮೀನಿನ ಲಾರಿಯೇ ಎಂದು ಕೇಳಿದರಂತೆ. ಅದನ್ನು ಹೇಳಿ ಜೊತೆಗಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ನನಗೆ ಸಿಟ್ಟು ಬಂತು, ಖಂಡಿತ ಬಂತು. ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಏನಾಗುತ್ತದೆ ಎಂದು ಇವರಿಗೆ ನಾನು ಹೇಳಿಕೊಡಬೇಕೇ? ದಿನಾ ಒಲೆ ಊದುವವರು! ಆದರೆ ಬಾಯಿ ತೆರೆಯುವ ಮೊದಲೇ ಪಾಮನಕಲ್ಲೂರಿನ ನೀರು ನೆನಪಾಯಿತು. ಬೇಸಿಗೆ ಹತ್ತಿರವಾಗುವಾಗ ಆ ಊರಲ್ಲಿ ಒಂದು ಕೊಡಕ್ಕೆ ಎಷ್ಟು ಹೊತ್ತು ನಿಲ್ಲಬೇಕೆಂದು ನನಗೆ ಗೊತ್ತು. ಆ ನೀರನ್ನು ಇವರು ಕಟ್ಟಿಗೆಗೆ ಸುರಿದಿದ್ದರು. ಸಿಟ್ಟು ಕರಗಿತು. ಎಲ್ಲ ಬಿಟ್ಟು ಕಿಲ್ನ್ ಸಾಹೇಬರ ಕೋಣೆಗೆ ಓಡಿದೆ.

ಅವರು ಹೊರಗೆ ಬಂದು, ಒಂದು ಕಂತೆ ಎಳೆದು, ಬೇರು ಮುಟ್ಟಿ ನೋಡಿದರು. ಅಷ್ಟು ಚೊಕ್ಕಟವಾದ ಬೇರನ್ನು ಅವರು ನೋಡಿರಲಿಕ್ಕಿಲ್ಲ. ಕೈಯ ನೀರು ಒರೆಸಿಕೊಂಡು ನನ್ನ ಮುಖ ನೋಡಿದರು. ನಾಳೆ ಎರಡನೇ ಶಿಫ್ಟ್, ಅದರ ಮೇಲೆ ಒಂದು ಗಳಿಗೆಯೂ ಇಲ್ಲ, ಅಷ್ಟರಲ್ಲಿ ಒಣಗಿದರೆ ಸರಿ, ಇಲ್ಲದಿದ್ದರೆ ಲಾರಿ ತಿರುಗಿಸು ಎಂದರು. ಲಾರಿ ತಿರುಗಿಸು ಎಂಬುದು ಚಿಗವ್ವನ ಕಿವಿಗೂ ಬಿತ್ತು. ಅವಳ ಹುಬ್ಬು ಮೇಲೇಳಲಿಲ್ಲ, ಕೆಳಗಿಳಿಯಿತು.

ಎಲ್ಲಿ ಒಣಗಿಸುವುದು? ಶೆಡ್ಡಿನಲ್ಲಿ ಬಿಸಿಲಿಲ್ಲ, ಅಂಗಳದಲ್ಲಿ ಜಾಗವಿಲ್ಲ. ನಾನು ಆ ಇಲಾಖೆ ಈ ಇಲಾಖೆ ಎಂದು ಫೋನು ತಿರುಗಿಸುತ್ತ ನಿಂತಿದ್ದಾಗ, ಹೆಂಗಸರು ಸೆರಗು ಬಿಗಿದು ಲಾರಿ ಹತ್ತಿ ಕಂತೆಗಳನ್ನು ಕೆಳಗೆ ಎಸೆಯತೊಡಗಿದ್ದರು. ಗೇಟಿನಿಂದ ಕಲ್ಲಿನ ಗಣಿಗೆ ಹೋಗುವ ಕಾರ್ಖಾನೆಯ ಅಗಲವಾದ ಡಾಂಬರು ರಸ್ತೆ ಅವರ ಕಣ್ಣಿಗೆ ಬಿದ್ದಿತ್ತು. ಊರಲ್ಲಿ ಸಜ್ಜೆ, ತೊಗರಿ, ಸೂರ್ಯಕಾಂತಿ ಎಲ್ಲವನ್ನೂ ಹಾಗೆ ರಸ್ತೆಗೇ ಹರವುತ್ತಾರೆ. ಕೆಳಗೆ ಡಾಂಬರಿನ ಕಾವು, ಮೇಲೆ ಬಿಸಿಲು, ಹೋಗುವ ಬರುವ ಗಾಡಿಗಳು ತುಳಿದು ಉಪಕಾರ ಮಾಡುತ್ತವೆ. ಬೈಕಿನವರು ಬೈಯುತ್ತಾರೆ, ಪೊಲೀಸರು ಬೈಯುತ್ತಾರೆ, ಹರವುವವರು ಹರವುತ್ತಲೇ ಇರುತ್ತಾರೆ. ನೋಡನೋಡುತ್ತಿದ್ದಂತೆ ಕಾರ್ಖಾನೆಯ ರಸ್ತೆ ನಮ್ಮ ಊರಿನ ರಸ್ತೆಯಾಯಿತು.

ಭದ್ರತಾ ಅಧಿಕಾರಿ ಸೀಟಿ ಊದುತ್ತ ಓಡಿಬಂದರು. ಅವರ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದು ನಡೆದಿರಲಿಲ್ಲವಂತೆ. ರಸ್ತೆಯ ಮೇಲೆ ಏನನ್ನೂ ಇಡುವಂತಿಲ್ಲ ಎಂದು ಬರೆದ ಫಲಕದ ಕೆಳಗೇ ಚಿಗವ್ವ ಕಟ್ಟಿಗೆ ಹರವುತ್ತಿದ್ದಳು. ನಾನು ಮಧ್ಯೆ ನಿಂತು, ಸಾಹೇಬರ ಒಪ್ಪಿಗೆ ಇದೆ ಎಂದೆ. ಅಷ್ಟು ಹೇಳಿ, ಅದು ನಿಜವಾಗಲೆಂದು ಓಡಿಹೋಗಿ ಒಪ್ಪಿಗೆ ಕೇಳಿದೆ. ಸಾಹೇಬರು ಕಿಟಕಿಯಿಂದ ಹೊರಗೆ ನೋಡಿ, ತಲೆ ಕೆರೆದುಕೊಂಡು, ಒಂದು ಬದಿಯಾದರೂ ಖುಲ್ಲಾ ಬಿಡಲು ಹೇಳು ಎಂದರು.

ಗಣಿಯಿಂದ ಕಲ್ಲು ತರುವ ಡಂಪರುಗಳು ಬರತೊಡಗಿದವು. ಅವುಗಳ ಗಾಲಿಯೇ ಆಳೆತ್ತರ. ಮೊದಲನೆಯವನು ಹಾರನ್ ಹೊಡೆದು ನಿಂತ. ಎರಡನೆಯವನು ಕುಷ್ಟಗಿ ಕಡೆಯ ಹಳ್ಳಿಯವನಂತೆ; ಏನಿದು ಎಂದು ಕೇಳಲೇ ಇಲ್ಲ, ಖುಷಿಯಿಂದ ಅದರ ಮೇಲೆಯೇ ಬಿಟ್ಟ. ಕಟಕಟ ಎಂದು ಕಟ್ಟಿಗೆ ಚಪ್ಪಟೆಯಾಯಿತು. ಸೀಳಿದ ಕಟ್ಟಿಗೆ ಬೇಗ ಒಣಗುತ್ತದೆ. ಗಾಲಿಗೆ ಅಂಟಿದ ಸುಣ್ಣದ ಕಲ್ಲಿನ ಧೂಳು ಕಟ್ಟಿಗೆಗೂ ಹತ್ತಿತು, ಹತ್ತಲಿ, ಆ ಧೂಳು ಹೇಗೂ ಅದೇ ಕಿಲ್ನಿಗೆ ಹೋಗುವುದು. ನಾನು ರಸ್ತೆಯ ಬದಿಗೆ ನಿಂತು ಬರುವ ಡಂಪರುಗಳಿಗೆಲ್ಲ ಇತ್ತ ಬಾ ಇತ್ತ ಬಾ ಎಂದು ಕೈ ಬೀಸುತ್ತಿದ್ದೆ. ನನ್ನ ಹೆಲ್ಮೆಟ್ ಎಲ್ಲಿ ಬಿದ್ದಿತ್ತೋ ಗೊತ್ತಿಲ್ಲ.

ಸಂಜೆಗೆ ಚಿಗವ್ವ ಒಂದು ಕಡ್ಡಿ ಮುರಿದು, ಒಣಗಿತು ಎಂದು ತೀರ್ಪು ಕೊಟ್ಟಳು. ನಾನು ಲ್ಯಾಬಿಗೆ ಒಯ್ದು ನೋಡಿದೆ, ಒಣಗಿರಲಿಲ್ಲ. ಬೇರಿನ ಗಂಟಿನಲ್ಲಿ ಇನ್ನೂ ಪಸೆ ಇತ್ತು. ಲ್ಯಾಬಿನ ಯಂತ್ರ ಕೆಟ್ಟಿರಬೇಕು ಎಂದು ಅವಳು ಗೊಣಗಿದಳು. ಆ ರಾತ್ರಿ ಮೂವರೂ ನನ್ನ ಕ್ವಾರ್ಟರ್ಸಿನಲ್ಲೇ ಉಳಿದರು. ಬೆಳಿಗ್ಗೆ ಮತ್ತೆ ಕೋಲು ಹಿಡಿದು ಎಲ್ಲವನ್ನೂ ಮಗುಚಿ ಹಾಕಿದೆವು. ನಮ್ಮ ಸೀಮೆಯ ಬಿಸಿಲನ್ನು ನಾನು ಜೀವಮಾನವಿಡೀ ಬೈದಿದ್ದೇನೆ. ಅವತ್ತು ಮಾತ್ರ ಇನ್ನಷ್ಟು ಸುಡು, ಇನ್ನಷ್ಟು ಸುಡು ಎಂದು ಬೇಡಿಕೊಂಡೆ. ಊಟದ ಹೊತ್ತಿಗೆ ಲ್ಯಾಬೂ ಒಪ್ಪಿತು.

ಎರಡನೇ ಶಿಫ್ಟ್ ಶುರುವಾಯಿತು. ಕಲ್ಲಿನ ಪುಡಿ ಕಿಲ್ನಿಗೆ ಇಳಿಯುವ ಮೊದಲು ಒಂದು ಎತ್ತರದ ಗೋಪುರದಲ್ಲಿ ಕಾದು ಬಿಸಿಯಾಗುತ್ತದೆ. ಅಲ್ಲಿಯೂ ಕಲ್ಲಿದ್ದಲೇ ಉರಿಯುವುದು. ಕತ್ತರಿಸಿದ ಹತ್ತಿಕಟ್ಟಿಗೆ ಬೆಲ್ಟಿನ ಮೇಲೆ ಅಲ್ಲಿಗೆ ಹೋಗಬೇಕು. ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಪರದೆಯ ಮುಂದೆ ಕುಳಿತಿದ್ದ, ಅವನ ಬೆನ್ನಿಗೆ ಸಾಹೇಬರು, ಸಾಹೇಬರ ಬೆನ್ನಿಗೆ ನಾನು. ಬೆಲ್ಟು ಹೊರಟಿತು. ಸಾಹೇಬರು ಮೆಲ್ಲಗೆ ಕಲ್ಲಿದ್ದಲು ಇಳಿಸು ಎಂದರು. ಪರದೆಯ ಮೇಲೆ ಕಲ್ಲಿದ್ದಲಿನ ಗೆರೆ ಕೆಳಗೆ ಬಂತು, ಕಾವಿನ ಗೆರೆ ಒಂಚೂರು ಅಲುಗಾಡಿ ನೇರವಾಯಿತು. ಇನ್ನಷ್ಟು ಇಳಿಸಿದರು. ಕಾವು ಅಲ್ಲೇ ಇತ್ತು. ಕಲ್ಲಿದ್ದಲಿನ ಗೆರೆ ಹಾಗೆ ಕೆಳಗಿಳಿಯುವುದನ್ನು ನಾನು ಅದುವರೆಗೆ ಕಿಲ್ನ್ ನಿಲ್ಲಿಸುವಾಗ ಮಾತ್ರ ನೋಡಿದ್ದೆ. ಈಗ ಕಿಲ್ನ್ ತಿರುಗುತ್ತಿತ್ತು, ಉರಿಯುತ್ತಿತ್ತು, ಗೆರೆ ಇಳಿಯುತ್ತಿತ್ತು. ಸಾಹೇಬರ ಅಂಗಿಯ ತುದಿಯನ್ನು ನಾನು ಹಿಡಿದುಕೊಂಡಿದ್ದೆನಂತೆ, ಆಮೇಲೆ ಅವರೇ ಹೇಳಿದರು.

ಒಮ್ಮೆಲೆ ಕಾವಿನ ಗೆರೆ ಬಾಗಿತು. ಕಟ್ಟಿಗೆ ಬರುತ್ತಿಲ್ಲ ಎಂದು ಕೆಳಗಿನಿಂದ ವಾಕಿಟಾಕಿಯಲ್ಲಿ ಕೂಗಿದರು. ಸಾಹೇಬರು ತಕ್ಷಣ ಕಲ್ಲಿದ್ದಲು ಏರಿಸಿದರು. ನಾನು ಕೆಳಗೆ ಓಡಿದೆ. ಕತ್ತರಿಸುವ ಯಂತ್ರದ ಬಾಯಿ ಕಟ್ಟಿಕೊಂಡಿತ್ತು. ಬಿಡಿಸದೆ ಬಿಟ್ಟ ಕಡೆಯ ಹತ್ತಿಕಾಯಿಗಳು ಕಟ್ಟಿಗೆಯಲ್ಲಿ ಅಲ್ಲಲ್ಲಿ ಉಳಿದಿದ್ದವು. ಅವುಗಳ ಅರಳೆ ಅಲಗಿನ ದಂಡಕ್ಕೆ ಸುತ್ತಿಕೊಂಡು ಹಗ್ಗವಾಗಿತ್ತು. ಯಂತ್ರ ನಿಲ್ಲಿಸಿ, ಕೆಲಸಗಾರರು ಅದನ್ನು ಕತ್ತರಿಸಿ ತೆಗೆದರು. ಮತ್ತೆ ಶುರು ಮಾಡಿದರೆ ಮತ್ತೆ ಕಟ್ಟುವುದು ಖಂಡಿತ. ಶಿಫ್ಟು ಮುಗಿಯುತ್ತದೆ, ಇಷ್ಟೇ ಆಯಿತು ಎಂದುಕೊಂಡೆ.

ಚಿಗವ್ವ ಆ ಅರಳೆಯ ಹಗ್ಗ ನೋಡಿದಳು, ರಾಶಿ ನೋಡಿದಳು. ಜೊತೆಯವರಿಗೆ, “ಬರ್ರಿ ಬೇ, ಬಿಡಸೂಣು,” ಎಂದಳು. ಮೂವರೂ ರಾಶಿಯ ಮುಂದೆ ಬಗ್ಗಿದರು. ಆ ಕೈಗಳು ವರ್ಷಗಟ್ಟಲೆ ಮಾಡಿದ ಕೆಲಸ ಅದು. ನಾನೂ ಬಗ್ಗಿದೆ, ಚಿಕ್ಕಂದಿನಲ್ಲಿ ರಜೆಗೆ ಅವಳ ಊರಿಗೆ ಹೋದಾಗ ಬಿಡಿಸಿದ್ದು ಇನ್ನೂ ಬೆರಳಿಗೆ ನೆನಪಿತ್ತು. ಲ್ಯಾಬಿನ ಹುಡುಗಿಯರಿಬ್ಬರು ಓಡಿಬಂದು ಸೇರಿಕೊಂಡರು. ನಾವು ಬಿಡಿಸಿದ ಹಾಗೆ ಕೆಲಸಗಾರರು ಕಟ್ಟಿಗೆಯನ್ನು ಯಂತ್ರಕ್ಕೆ ಹಾಕುತ್ತ ಹೋದರು. ಬೆಲ್ಟು ಮತ್ತೆ ನಡೆಯಿತು. ಅದು ತುಂಬಿಕೊಂಡು ಮೇಲೆ ಹೋಗುವ ಸದ್ದಿಗೆ ಕಿವಿಗೊಟ್ಟು ನಾನು ಕೈಯಾಡಿಸುತ್ತಿದ್ದೆ, ಮತ್ತೆ ಕಂಟ್ರೋಲ್ ರೂಮಿಗೆ ಹೋಗುವ ಧೈರ್ಯವಾಗಲಿಲ್ಲ.

ಹೊತ್ತು ಇಳಿಯುವ ಮೊದಲೇ ರಾಶಿ ಮುಗಿಯುತ್ತ ಬಂದಾಗ ಸಾಹೇಬರೇ ಇಳಿದು ಬಂದರು. ನೀಲಿ ಗಾಜನ್ನು ಚಿಗವ್ವನ ಕೈಗೆ ಕೊಟ್ಟು, ಅವಳನ್ನು ಗೋಪುರದ ಮೊದಲ ಅಂತಸ್ತಿನ ಕಿಂಡಿಯ ಬಳಿ ಕರೆದೊಯ್ದರು. ಅವಳು ನೋಡಿದಳು. ನಾನು ಎಷ್ಟು ಹೊತ್ತು ನೋಡಿದ್ದೆನೋ ಅಷ್ಟೇ ಹೊತ್ತು ನೋಡಿದಳು, ಉಳಿದಿಬ್ಬರು ತಮಗೂ ಕೊಡು ಎಂದು ಸೆರಗು ಎಳೆಯುವವರೆಗೆ. ಆಗ ಸಾಹೇಬರು ನನ್ನ ಕಡೆ ತಿರುಗಿದರು.

“ಮಸ್ಕಿ ಕೇಂದ್ರಕ್ಕೆ ಇವತ್ತೇ ಬರೀತೀನಿ. ಮುಂದಿನ ಲಾರಿ ಬರಲಿ. ತೊಳೀಬೇಡಿ ಅಂತ ಹೇಳು.”

ನಾನು ಕುಣಿದೆನೋ ಕೂಗಿದೆನೋ ಸರಿಯಾಗಿ ನೆನಪಿಲ್ಲ. ಚಿಗವ್ವನಿಗೆ ವಿಷಯ ಹೇಳಿದಾಗ ಅವಳು ಬೆವರು ಒರೆಸಿಕೊಂಡು, ಊರಿಗೆ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ಜಲ್ದಿ ಹೋಗಬೇಕು, ಚಹಾದಂಗಡಿ ಮುಚ್ಚುವ ಮೊದಲು ಅದರ ಮುಂದೆ ಹಾಯ್ದು ಹೋಗಬೇಕು ಎಂದಳು. ಮೂವರನ್ನೂ ಬಸ್ಸಿಗೆ ಬಿಡಲು ಗೇಟಿನ ಕಡೆ ನಡೆದೆವು.

ಗೇಟಿನ ಹೊರಗೆ, ರೈಲಿನಿಂದ ಇಳಿಸಿದ ಕಲ್ಲಿದ್ದಲು ಹೊತ್ತು ತಂದ ಲಾರಿಗಳು ಸಾಲು ನಿಂತಿದ್ದವು. ಒಳಗೆ ಕಲ್ಲಿದ್ದಲು ಕಡಿಮೆ ಖರ್ಚಾಗಿ ಅದನ್ನು ಕೂಡಿಡುವ ಬಂಕರ್ ತುಂಬಿತ್ತು, ಅದನ್ನು ಅರೆಯುವ ಗಿರಣಿಯನ್ನು ನಿಲ್ಲಿಸಿದ್ದರು, ಇಳಿಸುವುದು ನಿಂತಿತ್ತು. ಮುಂದಿನ ಲಾರಿಯ ಚಾಲಕ ಬೇಸತ್ತು, ಮೈಯೆಲ್ಲ ಕರಿ ಮಾಡಿಕೊಂಡು,  ಬಾಗಿಲಿಗೆ ಒರಗಿ ನಿಂತಿದ್ದ. ನನ್ನ ಕೊರಳಿನ ಗುರುತಿನ ಚೀಟಿ ನೋಡಿ, ಯಾಕೆ ಒಳಗೆ ಬಿಡುತ್ತಿಲ್ಲ, ಕಿಲ್ನ್ ನಿಂತಿದೆಯೇ ಎಂದು ಕೇಳಿದ. ನಾನು ಉತ್ತರಿಸಲು ಬಾಯಿ ತೆರೆದೆ. ಚಿಗವ್ವ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ತಲೆಯ ಮೇಲಿನ ಸೆರಗು ನೆಟ್ಟಗೆ ಮಾಡಿಕೊಂಡಳು.

“ಜರಾ ತಡಿಯಪ್ಪ,” ಎಂದಳು. “ಒಳಗ ನಮ್ಮೂರಿಂದು ಉರಿಯಾಕತ್ತೈತಿ.”